ಹೊಸ್ತಿಲು ದಾಟದ ಎಣ್ಣೆ

ರಬ್ಬರ್ ವಾಶರನ್ನು ನಿಖತ ಎರಡು ಬೆರಳುಗಳ ನಡುವೆ ಇಟ್ಟು ಒತ್ತಿದಳು. ನೆನೆದ ಕಡಲೆಯ ಹಾಗೆ ಅದು ಮೆತ್ತಗೆ ಒಳಗೆ ಹೋಯಿತು. ಅಂಚು ಹೊರಕ್ಕೆ ಮಗುಚಿಕೊಂಡಿತ್ತು.

ಹೊಸ ವಾಶರು. ಹೀಗಾಗಬಾರದಿತ್ತು.

"ಅಹೋ ಮ್ಯಾಡಮ್, ಮುಗೀತೇನ್ರಿ?" ಹವಾಲ್ದಾರ ತಾನಾಜಿ ಠಾಣೆಯ ಹಿತ್ತಲಿನ ಬೇವಿನ ನೆರಳಿಗೆ ಕುರ್ಚಿ ಎಳೆದುಕೊಂಡು ಶೇಂಗಾ ಸುಲಿಯುತ್ತಿದ್ದ. "ಸತ್ತ ಗಾಡಿ ಹೊಟ್ಟಿ ಎಷ್ಟಂತ ಸೀಳತೀರಿ? ಮೆಕ್ಯಾನಿಕ್ಕಿಗೆ ಸಾಮಾನ ಸಿಗಲಿಲ್ಲ, ಹಳೇ ಸಿಲಿಂಡರಿನ್ಯಾಗ ಹಿತ್ತಾಳಿ ತುರುಕಿದ, ಅದು ಕೈ ಕೊಡ್ತು. ಮೂರು ಸಾಲಿನ ರಿಪೋರ್ಟ. ನಾಳೆ ಕೋರ್ಟಿನ್ಯಾಗ ಸಾಹೇಬ್ರು ಓದೂದೂ ಅಷ್ಟ."

ನಿಖತ ವಾಶರನ್ನು ಕೆಳಗಿಟ್ಟಳು. ಎದುರಿಗೆ ಮೂತಿ ಜಜ್ಜಿಹೋದ ಫಿಯಾಟ್ ನಿಂತಿತ್ತು. ವಳಸಂಗದ ಸೋಮನಿಂಗಪ್ಪ ಗುರುವಾರ ಇದೇ ಗಾಡಿಯಲ್ಲಿ ಸೋನ್ಯಾಳದ ಇಳಿಜಾರು ಇಳಿಯುವಾಗ ಬ್ರೇಕು ಹಿಡಿಯದೆ, ಹಳ್ಳದ ಸೇತುವೆಯ ಕಟ್ಟೆಗೆ ಬಡಿದು ಸತ್ತಿದ್ದರು. ಆ ಬ್ರೇಕು ದುರಸ್ತಿ ಮಾಡಿದ ಜತ್ತದ ಮೆಕ್ಯಾನಿಕ್ ಇಮಾಮ ಠಾಣೆಯ ಲಾಕಪ್ಪಿನಲ್ಲಿದ್ದ. ವಿಮಾ ಕಂಪನಿಯ ಸರ್ವೇಯರ್ ನಿಖತ ಅತ್ತಾರ ಏನು ಬರೆಯುತ್ತಾಳೋ ಅದರ ಮೇಲೆ ಅವನು ನಾಳೆ ಮನೆಗೆ ಹೋಗುವುದು, ಇಲ್ಲವೇ ಸಾಂಗಲಿಯ ಜೈಲಿಗೆ ಹೋಗುವುದು.

ಅವಳು ಹಿತ್ತಾಳೆಯ ಒಳಕೊಳವೆಯನ್ನು ಬೆಳಕಿಗೆ ಹಿಡಿದಳು. ಇಮಾಮ ತುಕ್ಕು ತಿಂದ ಹಳೆಯ ಸಿಲಿಂಡರನ್ನು ಲೇಥಿನ ಮೇಲೆ ಕೊರೆದು, ಒಳಗೆ ಹೊಸ ಹಿತ್ತಾಳೆ ಕೂರಿಸಿ, ಕನ್ನಡಿಯಂತೆ ಉಜ್ಜಿದ್ದ. ಒಂದು ಗೀರಿಲ್ಲ. ಹಿತ್ತಾಳೆ ಸರಿದಿರಲಿಲ್ಲ, ಸೀಳಿರಲಿಲ್ಲ.

ಆದರೆ ನಾಲ್ಕೂ ಗಾಲಿಗಳ ವಾಶರು ಉಬ್ಬಿದ್ದವು. ಮಾಸ್ಟರ್ ಸಿಲಿಂಡರಿನದೂ ಉಬ್ಬಿತ್ತು.

ಕೆಲಸ ಕೆಟ್ಟಿದ್ದರೆ ಒಂದು ಗಾಲಿ ಸೋರುತ್ತಿತ್ತು. ಎಲ್ಲವೂ ಒಟ್ಟಿಗೆ ಉಬ್ಬಬೇಕಾದರೆ, ಎಲ್ಲಕ್ಕೂ ಹೋಗುವುದು ಒಂದೇ.

ಎಣ್ಣೆ.

ನಿಖತ ಚಹಾದ ಗಾಜಿನ ಲೋಟವೊಂದನ್ನು ತೊಳೆದು ಒರೆಸಿ, ಬಾನೆಟ್ಟಿನ ಕೆಳಗಿದ್ದ ಬ್ರೇಕ್ ಎಣ್ಣೆಯ ಡಬ್ಬಿಯಲ್ಲಿ ಉಳಿದದ್ದನ್ನು ಅದಕ್ಕೆ ಸುರಿದಳು. ಕಟ್ಟೆಯ ಮೇಲಿಟ್ಟು ಕಾದಳು. ನಿಧಾನವಾಗಿ ಲೋಟದಲ್ಲಿ ಗೆರೆಯೊಂದು ಮೂಡಿತು. ಕೆಳಗೆ ಬ್ರೇಕ್ ಎಣ್ಣೆ. ಅದರ ಮೇಲೆ, ಬೆರೆಯದೆ, ಹಳದಿಯಾಗಿ ಇನ್ನೊಂದು.

ಅವಳು ಬಗ್ಗಿ ಮೂಸಿದಳು. ಈ ವಾಸನೆ ಗ್ಯಾರೇಜಿನದಲ್ಲ. ಒಗ್ಗರಣೆಯದು. ಗಾಣದ ಕುಸುಬಿ ಎಣ್ಣೆ.

"ಏನ್ ಬಂತ್ರಿ ವಾಸನಿ?" ತಾನಾಜಿ ಕೇಳಿದ.

"ಅಡಗಿ ಮನಿದು."

"ಹೊಟ್ಟಿ ಹಸದೈತಿ ನಿಮಗ," ಎಂದು ಅವನು ನಕ್ಕ.

* * *

ಇಮಾಮ ಲಾಕಪ್ಪಿನ ಗೋಡೆಗೆ ಒರಗಿ ಕೂತಿದ್ದ. ಅವಳನ್ನು ನೋಡಿದ ಕೂಡಲೇ ಎದ್ದು ಸರಳು ಹಿಡಿದ.

"ನೋಡಿದ್ರೇನ್ರಿ ಮ್ಯಾಡಮ್? ನನ್ನ ಹಿತ್ತಾಳಿ ನೋಡಿದ್ರಿ? ಗೀರು ಐತೇನು? ಖರೆ ಹೇಳ್ರಿ."

"ಇಲ್ಲ."

"ಹಾಂ!" ಅವನು ಹಿತ್ತಲಲ್ಲೇ ಉಳಿದಿದ್ದ ತಾನಾಜಿಗೆ ಕೇಳಲೆಂದು ದನಿ ಏರಿಸಿದ. "ಕೇಳಿದ್ರಿ ಸಾಹೇಬ್ರ? ಮಿರಜಕ್ಕ ಹೋಗೀನಿ, ಕೊಲ್ಲಾಪುರ, ವಿಜಾಪುರ ತಿರಗೀನಿ. ಫಿಯಾಟಿನ ಸಿಲಿಂಡರ್ ಅಂದ್ರ ಅಂಗಡ್ಯಾನವ್ರು ನಗತಾರ. ಅಜ್ಜಾರ, ಗಾಡಿ ಸತ್ತು ಸ್ವರ್ಗಕ್ಕ ಹೋಗೈತಿ, ನೀವು ಇನ್ನೂ ಸಾಮಾನ ಹುಡಕತೀರಿ ಅಂತಾರ. ಒಬ್ಬಂವ ಹೊಸಾದು ಅಂತ ಡಬ್ಬಿ ತಗದು ಕೊಟ್ಟ, ಒಳಗ ನೋಡಿದ್ರ ಬ್ಯಾರೆ ಗಾಡೀದು. ಕಡೀಕ ಸೊಲ್ಲಾಪುರದ ಗುಜರಿಯಾಗ ತುಕ್ಕು ಹಿಡದ ನಾಕು ಸಿಕ್ಕವು. ಮಕ್ಕಳಿಗೆ ಮೈ ತೊಳದಂಗ ತೊಳದೀನ್ರಿ ಅವನ್ನ. ಸೋಮನಿಂಗಪ್ಪ ಅಣ್ಣಾರು ಆ ಗಾಡಿ ಬಿಡಂಗಿಲ್ಲ ಅಂತ ಹಟ ಹಿಡದಿದ್ರು. ಮಗ ರವಿಕುಮಾರ ಮಾರೂಣು ಅಂದದ್ದಕ್ಕ ಅವನ ಜೋಡಿ ಮಾತ ಬಿಟ್ಟಿದ್ರು."

ರವಿಕುಮಾರನೇ ಇಮಾಮನ ಮೇಲೆ ತಕ್ರಾರು ಕೊಟ್ಟವನು. ನಿಖತ ಮೊದಲು ಅನುಮಾನಪಟ್ಟದ್ದೂ ಅವನನ್ನೇ. ಆದರೆ ದುರಸ್ತಿಯಾಗಿ ಗಾಡಿ ಮನೆಗೆ ಬಂದ ದಿನದಿಂದ ಅಪಘಾತದ ದಿನದವರೆಗೆ ಅವನು ಸಾಂಗಲಿ ಬಿಟ್ಟು ಕದಲಿರಲಿಲ್ಲ. ಅವನು ಹೇಳಿದ ಒಂದು ಮಾತು ಮಾತ್ರ ಅವಳ ತಲೆಯಲ್ಲಿ ಉಳಿದಿತ್ತು: ಮಾತು ಬಿಟ್ಟಿದ್ದ ಅಪ್ಪ ರವಿವಾರ ಅವ್ವನ ಫೋನು ಇಸಿದುಕೊಂಡು ಮಾತಾಡಿದ್ದರು, ಪೆಡಲು ಮೆತ್ತಗಾಗಿತ್ತು, ಬ್ರೇಕಿನ ನಳಿಗೆಯೊಳಗಿನ ಹವಾ ಮನೆಯಲ್ಲೇ ತೆಗೆದಾಯಿತು ಎಂದಿದ್ದರು.

"ವಾಶರ್ ಉಬ್ಬ್ಯಾವ," ಎಂದಳು ನಿಖತ.

ಇಮಾಮನ ಕೈ ಸರಳಿನ ಮೇಲೆ ನಿಂತಿತು. "ಉಬ್ಬ್ಯಾವ? ಎಲ್ಲಾ?"

"ಎಲ್ಲಾ. ಎಣ್ಣಿ ಏನ್ ಹಾಕಿದ್ರಿ?"

"ಸೀಲ್ ಡಬ್ಬಿದು. ಬ್ರೇಕ್ ಎಣ್ಣಿ. ವಾಶರ್ ಅಷ್ಟ ಹಿಂದಿನ ರಾತ್ರಿ ಔಡಲ ಎಣ್ಣ್ಯಾಗ, ಹರಳೆಣ್ಣಿ ಅಂತಾರಲ್ಲ ಅದರಾಗ, ನೆನಿ ಹಾಕ್ತೀನಿ. ನಮ್ಮ ಅಬ್ಬಾ ಕಲಿಸಿದ್ದು. ಔಡಲ ರಬ್ಬರಿಗೆ ಏನೂ ಮಾಡಂಗಿಲ್ಲ, ಬ್ರೇಕ್ ಎಣ್ಣ್ಯಾಗ ಕೂಡಿ ಹೋಗತೈತಿ. ಅಡಚಣಿ ಬಂದಾಗ ಅದನ್ನ ಒಂದೀಟು ಸುರುವಿದ್ರೂ ನಡೀತೈತಿ ಅಂತ ಅಣ್ಣಾರಿಗೂ ಹೇಳಿದ್ದೆ."

"ಔಡಲ ಎಣ್ಣಿ ಎಲ್ಲಿಂದ ತರತೀರಿ?"

"ಅಣ್ಣಾರ ಮನಿಯಿಂದನ. ಅವರ ಹೊಲದ ಬದುವಿನ ಮ್ಯಾಲಿನ ಔಡಲ. ಅವರ ಹೆಂಡ್ತಿ ಗೌರವ್ವಾರು ಕಾಸಿ ತಗೀತಾರ. ಶರಬತ್ತಿನ ಬಾಟ್ಲ್ಯಾಗ ಹಾಕಿ ಕಳಸ್ತಾರ."

"ಬಾಟ್ಲಿ ಹೊಳ್ಳಿ ಕೊಡ್ತೀರಿ?"

"ಕೊಡಲಾರದ ಮತ್ತ? ಹಂಗ ಖಾಲಿ ಕೊಡಾಕ ಬರತೈತೇನ್ರಿ ಆ ಮನಿಗೆ? ನಮ್ಮ ಮನ್ಯಾಕಿ ಜಾಹೇದಾ ತುಂಬಿ ಕೊಡ್ತಾಳ. ತನ್ನ ತವರಮನಿ ಗಾಣದ ಕುಸುಬಿ ಎಣ್ಣಿ. ಬಾಯಿಗೆ ಹಸರ ಅರಬಿ ಕಟ್ಟಿ ಕೊಡ್ತಾಳ. ನಿಮ್ಮ ಎಣ್ಣ್ಯಾಗಿನ ರುಚಿ ಪ್ಯಾಟಿದರಾಗಿಲ್ಲ ಅಂತ ಗೌರವ್ವಾರು ಪ್ರತಿ ಸಲ ಹೇಳ್ತಾರ. ಇಕಿ ಅಷ್ಟಕ್ಕ ಉಬ್ಬಿ…"

ಅವನು ಅವಳ ಮುಖ ನೋಡಿದ.

"ಹೌದು," ಎಂದಳು ನಿಖತ. "ಬ್ರೇಕಿನ್ಯಾಗ ಇದ್ದದ್ದು ಕುಸುಬಿ ಎಣ್ಣಿ."

ಅವಳು ಸಾಮಾನ್ಯವಾಗಿ ಇಷ್ಟು ಬಾಯಿ ಬಿಡುವವಳಲ್ಲ. ಪ್ರಶ್ನೆಗಿಂತ ಮೌನಕ್ಕೆ ಜನ ಬೇಗ ಉತ್ತರ ಕೊಡುತ್ತಾರೆ ಎಂದು ಈ ಕೆಲಸ ಅವಳಿಗೆ ಕಲಿಸಿತ್ತು. ಆದರೆ ಆ ಮನುಷ್ಯನಿಗೆ ಒಂದಿಷ್ಟು ಸಮಾಧಾನವಾಗಲಿ ಎನ್ನಿಸಿತು.

"ಇನ್ನೊಂದು ಐತಿ," ಎಂದಳು. "ಹವಾ ತಗಿಯೂ ನಟ್ಟಿನ ಮ್ಯಾಲ ಕೆಂಪು ನೇಲ್ ಪಾಲಿಶ್ ಹಚ್ಚೀರಿ."

"ನನ್ನ ಗುರುತ್ರಿ ಅದು. ಬಿಗಿ ಮಾಡಿದ ಮ್ಯಾಲ ಹಚ್ಚತೀನಿ. ಬ್ಯಾರೆಯವ್ರು ಕೈ ಹಾಕಿದ್ರ ಒಡೀತೈತಿ."

"ಮೂರು ನಟ್ಟಿಂದು ಹಂಗ ಐತಿ. ಹಿಂದಿನ ಎಡಗಡೆ ಗಾಲೀದು ಒಡದೈತಿ. ಪಾನಾ ಜಾರಿದ ಗುರುತೂ ಇಲ್ಲ. ತಿರುವಿದವರಿಗೆ ಕೆಲಸ ಬರ್ತಿತ್ತು."

ಇಮಾಮ ಕೈಗಳನ್ನು ಸರಳಿನಿಂದ ತೆಗೆದ. ಬಂಧಿಸಿದ ಕ್ಷಣದಿಂದ ನಾನು ಮಾಡಿಲ್ಲ, ನನ್ನ ಕೆಲಸ ಹಂಗಲ್ಲ ಎಂದು ಬಂದವರ ಮುಂದೆಲ್ಲ ಒದರುತ್ತಿದ್ದ ಮನುಷ್ಯ ಹಿಂದಕ್ಕೆ ಸರಿದು ಗೋಡೆಯ ಬುಡದಲ್ಲಿ ಕೂತ.

"ಯಾರಿರಬಹುದು?"

"ನನಗ ಗೊತ್ತಿಲ್ರಿ."

"ಸೋಮನಿಂಗಪ್ಪಾರಿಗೆ ಮೊಣಕಾಲು ಮಡಚಾಕ ಬರ್ತಿರಲಿಲ್ಲಂತ. ಸೀಟಿನ ಮ್ಯಾಲ ಕುಂತು ಪೆಡಲ್ ಅಷ್ಟ ಒತ್ತಿರಬೇಕು. ಗಾಲಿ ಬಲ್ಲಿ ನಟ್ಟು ಸಡ್ಲ ಮಾಡಾಕ ಮತ್ತೊಬ್ಬರು ಬೇಕಲ್ಲ?"

"ಗೊತ್ತಿಲ್ಲ ಅಂದೆನಲ್ರಿ. ಹೋಗ್ರಿ ನೀವು."

ಅದು ಗೊತ್ತಿಲ್ಲದವನ ದನಿಯಾಗಿರಲಿಲ್ಲ.

* * *

ಠಾಣೆಯ ಹೊರಗೆ ಜಾಹೇದಾ ಬುತ್ತಿಯ ಡಬ್ಬಿ ಹಿಡಿದು ನಿಂತಿದ್ದಳು. ಇಮಾಮನ ಹೆಂಡತಿ, ತೆಳ್ಳಗಿನ, ನೆಟ್ಟಗಿನ ಹೆಂಗಸು. ತನಿಖೆ ಮಾಡಿ ಎಂದು ಸಾಂಗಲಿಯ ವಿಮಾ ಕಚೇರಿಗೇ ಬಂದು ಮೇಜಿನ ಮುಂದೆ ಕೂತಿದ್ದವಳು ಇವಳೇ.

"ವಳಸಂಗಕ್ಕ ಹೊಂಟೀಯೇನು ಬೇಟಿ? ನಾನೂ ಬರ್ತೀನಿ."

ಜಾಹೇದಾ ಸ್ಕೂಟರಿನ ಹಿಂದೆ ಹತ್ತಿ ಕೂತಳು. ಎರಡೂ ಬದಿಗೆ ಜೋಳದ ಕೂಳೆ, ಮಧ್ಯೆ ಮಧ್ಯೆ ದಾಳಿಂಬೆಯ ತೋಟಗಳಿಗೆ ಹೊದಿಸಿದ ಬಿಳಿ ಬಟ್ಟೆ. ನಿಖತ ಕನ್ನಡಿಯಲ್ಲಿ ಒಮ್ಮೆ ನೋಡಿದಳು. ಜಾಹೇದಾ ತನ್ನ ಬಲಗೈಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದಳು.

ಸೋಮನಿಂಗಪ್ಪನವರ ಮನೆಯ ಮುಂದೆ ಅವಳು ಇಳಿದಳು. ಆದರೆ ಎದುರಿನ ಹುಣಸೆಮರದ ಕಟ್ಟೆಯಿಂದ ಮುಂದೆ ಬರಲಿಲ್ಲ.

"ನೀ ಹೋಗು. ನನ್ನ ಗಂಡ ಆಕಿ ಗಂಡನ್ನ ಕೊಂದಾನ ಅಂತ ಊರಾಗ ಹೆಸರಾಗೈತಿ. ಯಾ ಕಾಲಿಲೆ ಒಳಗ ಹೋಗ್ಲಿ ನಾನು?"

ಗೌರವ್ವ ಪಡಸಾಲೆಯಲ್ಲಿ ಕೂತಿದ್ದಳು. ಹಣೆಯ ಮೇಲೆ ವಿಭೂತಿ ಮಾತ್ರ. ಕುಂಕುಮವಿದ್ದ ಜಾಗದಲ್ಲಿ ಚರ್ಮ ಬೆಳ್ಳಗೆ ಕಾಣುತ್ತಿತ್ತು.

"ಬಾರವ್ವಾ, ಕುಂದರ. ಇನ್ಸೂರಿನ್ಸದಾಕಿ ಹೌದಲ್ಲ? ಬಿಸಲಾಗ ಬಂದೀದಿ. ಚಾ ಮಾಡ್ತೀನಿ. ಹೆಸರೇನವ್ವಾ?"

"ನಿಖತ. ನಿಖತ ಅತ್ತಾರ."

"ಹಾಂ, ಹಾಂ," ಎಂದಳು ಗೌರವ್ವ. ದನಿಯ ಆದರ ಒಂದಿಷ್ಟೂ ಕಡಿಮೆಯಾಗಲಿಲ್ಲ. "ಚಲೋ ಹೆಸರೈತಿ."

ಚಹಾ ಬಂತು. ಶುಂಠಿ ಹಾಕಿದ, ಹಾಲು ತುಂಬಿದ ಚಹಾ. ಗೌರವ್ವ ತನ್ನದನ್ನು ಸ್ಟೀಲಿನ ಬಟ್ಟಲಿಗೆ ಬಗ್ಗಿಸಿಕೊಂಡಳು. ನಿಖತಳದು ಕಾಗದದ ಕಪ್ಪಿನಲ್ಲಿತ್ತು.

ನಿಖತ ಅದನ್ನು ನೋಡಿದಳು. ಇಂಥ ಕಪ್ಪು ಅವಳಿಗೆ ಹೊಸದಲ್ಲ. ಒಂದು ಗುಟುಕು ಕುಡಿದಳು. ಚಹಾ ನಿಜವಾಗಿಯೂ ಚೆನ್ನಾಗಿತ್ತು. ಅದೇ ಹೆಚ್ಚು ಕಹಿ ಎನ್ನಿಸಿತು.

"ಇಮಾಮನ ಕೈ ಮ್ಯಾಲ ಅವರಿಗೆ ಎಷ್ಟ ಭರೋಸಾ ಇತ್ತು," ಎಂದಳು ಗೌರವ್ವ. "ಆ ಕೈನ ಅವರನ್ನ ತಿಂತು."

"ಕಾಕು, ಗಾಡಿ ನಿಂದ್ರಸ್ತಿದ್ದ ಜಾಗಾ ನೋಡಬೇಕಿತ್ತು."

ಗೌರವ್ವಳ ಬಟ್ಟಲು ತುಟಿಯ ಹತ್ತಿರ ಒಂದು ಗಳಿಗೆ ನಿಂತಿತು. "ಅಲ್ಲೇನೈತಿ? ಹಾಳು ಮೂಳು."

"ನೋಡಿ ಬಿಡ್ತೀನಿ."

ಪಡಸಾಲೆಯ ಪಕ್ಕದ ಹಳೆಯ ದನದ ಮನೆಯೇ ಈಗ ಗಾಡಿಯ ಮನೆ. ಬಾಗಿಲು ಅಂಗಳಕ್ಕೆ. ನೆಲದ ಮೇಲೆ ಬ್ರೇಕ್ ಎಣ್ಣೆ ಬಿದ್ದು ಆರಿದ ಕಲೆಯಿತ್ತು, ಹಿಂದಿನ ಎಡ ಗಾಲಿ ನಿಲ್ಲುವ ಜಾಗದಲ್ಲಿ. ನಿಖತ ತಲೆಯೆತ್ತಿದಳು.

ಗೋಡೆಯ ಉದ್ದಕ್ಕೂ ಒಂದು ಹಲಗೆ. ಹಲಗೆಯ ತುಂಬ ಶರಬತ್ತಿನ ಬಾಟಲಿಗಳು. ಸಾಲಾಗಿ, ಒತ್ತೊತ್ತಾಗಿ. ಮುಂದಿನವುಗಳ ಮೇಲೆ ತೆಳ್ಳನೆಯ ಧೂಳು, ಹಿಂದಿನವುಗಳ ಮೇಲೆ ಗಾಜೇ ಕಾಣದಷ್ಟು. ಪ್ರತಿಯೊಂದರ ಬಾಯಿಗೂ ಒಂದು ಹಸಿರು ಬಟ್ಟೆಯ ತುಂಡು. ಕೆಲವು ಬಣ್ಣಗೆಟ್ಟು ಮಣ್ಣಿನಂತಾಗಿದ್ದವು. ಒಂದರ ಗಂಟೂ ಬಿಚ್ಚಿರಲಿಲ್ಲ.

ಮುಂದಿನ ಸಾಲಿನಲ್ಲಿ ಒಂದು ಮಾತ್ರ ಬಾಯಿ ತೆರೆದು, ಅರ್ಧವಾಗಿ ನಿಂತಿತ್ತು.

ನಿಖತ ಮುಟ್ಟಲಿಲ್ಲ. ಮುಖ ಹತ್ತಿರ ಒಯ್ದು ಮೂಸಿದಳು. ಬೆಳಿಗ್ಗೆಯ ಗಾಜಿನ ಲೋಟದ ವಾಸನೆಯೇ.

ಅಲ್ಲೇ ನಿಂತು ತಾನಾಜಿಗೆ ಫೋನು ಮಾಡಿದಳು. "ವಳಸಂಗಕ್ಕ ಬರ್ರಿ. ಸಾಕ್ಷಿಗೆ ಪಂಚರನ್ನ ಕರಕೊಂಡು ಬರ್ರಿ. ಒಂದು ಬಾಟ್ಲಿ ಜಪ್ತಿ ಮಾಡೂದೈತಿ. ನಾ ಕೈಯಾಗ ತಂದ್ರ ಕೋರ್ಟು ಒಪ್ಪಂಗಿಲ್ಲ. ಲಗೂನ ಬರ್ರಿ."

ತಿರುಗಿದಾಗ ಗೌರವ್ವ ಬಾಗಿಲಲ್ಲಿದ್ದಳು.

"ಇವು ಯಾರು ಕೊಟ್ಟ ಎಣ್ಣಿ, ಕಾಕು?"

ಗೌರವ್ವ ಸೆರಗು ಸರಿಮಾಡಿಕೊಂಡಳು.

"ಗಾಣದ ಎಣ್ಣಿ. ತಿನ್ನೂ ಎಣ್ಣಿ. ದನದ ಮನ್ಯಾಗ ಯಾಕೈತಿ?"

"ಒಳಗ ಜಾಗಾ ಇರಲಿಲ್ಲ."

ಕಾಗದದ ಕಪ್ಪು ಇನ್ನೂ ನಿಖತಳ ಕೈಯಲ್ಲಿತ್ತು. ಅವಳು ಅದನ್ನು ನೋಡಿದಳು. ಗೌರವ್ವಳೂ ಅದನ್ನೇ ನೋಡಿದಳು.

"ಅತ್ತಿ ಇರೂತನಕ ಅತ್ತಿ ಅಂಜಿಕಿ," ಎಂದಳು ಗೌರವ್ವ ಕೊನೆಗೆ. "ಅವರ ಮನಿ ಎಣ್ಣಿ ಒಲಿಗೆ ಮುಟ್ಟಿಸಬ್ಯಾಡ ಅಂತಿದ್ಳು. ಆಕಿ ಹೋಗಿ ಎಷ್ಟೋ ವರ್ಷ ಆತು. ಆಮ್ಯಾಲ ಒಳಗ ಒಯ್ಯಬಹುದಿತ್ತು. ಒಯ್ಯಲಿಲ್ಲ. ಹೊಸ್ತಿಲ ಬಲ್ಲಿ ಬಂದ್ರ ಕೈ ತಾನ ಈ ಕಡೆ ಹೊಳ್ಳತಿತ್ತು. ಚೆಲ್ಲಾಕೂ ಮನಸಾಗಲಿಲ್ಲ. ಆಕಿ ಪ್ರೀತಿಲೆ ಕೊಟ್ಟದ್ದು."

"ಆಕಿಗೆ ಏನ್ ಹೇಳ್ತಿದ್ರಿ?"

"ಚಕ್ಕಲಿ ಮಾಡಿದ್ದೆ, ಭಾಳ ಚಲೋ ಆದವು ಅಂತ."

"ಪ್ರತಿ ಸಲ?"

"ಒಂದ್ಸಲ ಹೇಳಿದ ಮ್ಯಾಲ ಪ್ರತಿ ಸಲ ಹೇಳಬೇಕಾಗತೈತಿ, ತಂಗಿ."

ನಿಖತ ಕಪ್ಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. "ಇಮಾಮನ ತಪ್ಪಿಲ್ಲ. ಈ ಎಣ್ಣಿ ಬ್ರೇಕಿಗೆ ಹೋಗಿ ವಾಶರ್ ಉಬ್ಬ್ಯಾವ. ನಾಕು ದಿನ ಉಬ್ಬಿ ಉಬ್ಬಿ ಇಳಿಜಾರಿನ್ಯಾಗ ಕೈ ಬಿಟ್ಟಾವ. ಬಾಟ್ಲಿ ಇಲ್ಲಿ ಹೆಂಗ ಬಂತು ಅಂತ ನೀವು ಒಂದು ಮಾತು ಹೇಳಿದ್ರ ಅಂವ ನಾಳೆ ಮನಿಗೆ ಬರ್ತಾನ."

"ಹೇಳಿದ್ರ ಜಾಹೇದಾಗ ಗೊತ್ತಾಗತೈತಿ."

"ಅದಕ್ಕ ಆಕಿ ಗಂಡನ್ನ ಜೇಲಿಗೆ ಕಳಸ್ತೀರಿ?"

"ನೀ ಸಣ್ಣಾಕಿ." ಗೌರವ್ವಳ ದನಿ ಏರಿತು. "ನನ್ನ ಮದವ್ಯಾದ ವರ್ಷದಿಂದ ಆಕಿ ನನ್ನ ಗೆಳತಿ. ನನ್ನ ಬಾಣಂತನಕ್ಕ ಬೆನ್ನು ತಿಕ್ಕ್ಯಾಳ. ನನ್ನ ಗಂಡ ಅವರ ಮನ್ಯಾಗ ಉಂಡು ಬರತಿದ್ದ, ನಾ ಒಂದಿನ ಬ್ಯಾಡ ಅಂದಿಲ್ಲ. ಈ ಹಲಗಿ ಒಂದ ಮುಚ್ಚಿಟ್ಟಿದ್ದೆ. ಇದನ್ನ ಕೋರ್ಟಿನ್ಯಾಗ ಮಂದಿ ಮುಂದ ಬಿಚ್ಚಿ ಇಡಂತೀ?"

"ಆಕಿಗೆ ಮೊದಲ ಗೊತ್ತಾಗಿರಬೇಕು," ಎಂದಳು ನಿಖತ.

ಅದು ಅವಳ ಊಹೆ ಮಾತ್ರ. ಇಮಾಮ ಇದ್ದಕ್ಕಿದ್ದಂತೆ ಬಾಯಿ ಮುಚ್ಚಿದ್ದು; ಜಾಹೇದಾ ಹೊಸ್ತಿಲಿನ ಈಚೆಗೆ ಬರದೇ ಹೋದದ್ದು; 'ತಿರುವಿದವರಿಗೆ ಕೆಲಸ ಬರ್ತಿತ್ತು' ಎಂದು ತಾನೇ ಆಡಿದ್ದ ಮಾತು. ಮೆಕ್ಯಾನಿಕ್ಕಿನ ಹೆಂಡತಿ. ಎಷ್ಟು ಗಾಡಿಗಳ ಹವಾ ತೆಗೆಯುವಾಗ ಗಂಡನ ಜೊತೆ ಕೂತಿರುತ್ತಾಳೋ.

"ರವಿವಾರ ಆಕಿ ಬಂದಿದ್ಳು. ಹೌದಲ್ಲ?"

ಗೌರವ್ವ ಬಾಗಿಲ ಚೌಕಟ್ಟು ಹಿಡಿದು ಮೆಲ್ಲನೆ ಕೂತಳು. ಅವಳ ಸಿಟ್ಟು ಎಲ್ಲಿಗೋ ಹೋಗಿಬಿಟ್ಟಿತ್ತು.

"ಔಡಲ ಎಣ್ಣಿಗೆ ಬಂದಿದ್ಳು. ನಾ ಹಿತ್ತಲದಾಗ ಇದ್ದೆ. ಇವರು ಗಾಡ್ಯಾಗ ಕುಂತು ಒದರಿದ್ರು. ಜಾಹೇದವ್ವಾ, ಪೆಡಲ್ ಮೆತ್ತಗಾಗೈತಿ, ಒಂದೀಟು ಹವಾ ತಗದು ಹೋಗು, ಹಲಗಿ ಮ್ಯಾಲ ಔಡಲ ಎಣ್ಣಿ ಐತಿ ನೋಡು ಅಂದ್ರು. ನಾ ಓಡಿ ಬಂದೆ. ಬರೂದ್ರಾಗ ಆಕಿ ಇಲ್ಲಿ ನಿಂತಿದ್ಳು. ನೀ ನಿಂತಲ್ಲೆ."

ನಿಖತ ತಾನು ನಿಂತ ನೆಲವನ್ನು ನೋಡಿಕೊಂಡಳು.

"ಸಾಲು ಪೂರಾ ನೋಡಿದ್ಳು. ಈ ಕಡಿಯಿಂದ ಆ ಕಡೀತನಕ. ತಾನ ಕಟ್ಟಿದ ಗಂಟು ಒಂದೊಂದ ಮುಟ್ಟಿದ್ಳು. ಒಂದು ಬಾಟ್ಲಿ ತಗದು, ಗಂಟು ಬಿಚ್ಚಿ, ಮೂಗಿಗೆ ಹಿಡದ್ಳು. ಆಮ್ಯಾಲ ನನ್ನ ಮಾರಿ ನೋಡಿದ್ಳು."

"ಏನಂದ್ರು?"

"ಏನೂ ಅನಲಿಲ್ಲ. ನಾನೂ ಅನಲಿಲ್ಲ. ಅದು ಔಡಲಲ್ಲ, ಅದನ್ನ ಸುರುವಬ್ಯಾಡ ಅಂತ ನಾ ಅನಬೇಕಿತ್ತು. ಅಂದ್ರ ಅದೇನು ಅಂತ ಹೇಳಬೇಕಾಗತಿತ್ತಲ್ಲ. ನಾಲಗಿ ಏಳಲಿಲ್ಲ. ಆಕಿ ಹೋಗಿ ಬಾನೆಟ್ಟಿನ್ಯಾಗ ಸುರುವಿದ್ಳು. ನನ್ನ ಕಣ್ಣ ಮುಂದ. ನಾ ನೋಡಕೋತ ನಿಂತೆ." ಗೌರವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಇವರು ಸಾಯ್ತಾರಂತ ನನಗ ಗೊತ್ತಿರಲಿಲ್ಲ, ತಂಗಿ. ಆದರ ಆಕಿಗೆ ಗೊತ್ತಿತ್ತು. ಆಕಿ ಆ ಕಸಬಿನ ಮನ್ಯಾಕಿ."

ಇಮಾಮನನ್ನು ಬಿಡಿಸುವ ಸತ್ಯ ಸಿಕ್ಕಿತ್ತು. ಅದು ಅವನ ಹೆಂಡತಿಯನ್ನು ಒಳಗೆ ಹಾಕುವ ಸತ್ಯವಾಗಿತ್ತು. ಎರಡು ಹೆಂಗಸರು ಎದುರುಬದುರು ನಿಂತು, ಒಂದು ಮಾತು ಆಡಲಾರದೆ, ನಡುವೆ ಒಬ್ಬ ಮನುಷ್ಯನನ್ನು ಸಾಯಗೊಟ್ಟಿದ್ದರು. ಆ ಮನುಷ್ಯ ಇದೊಂದೂ ಗೊತ್ತಿಲ್ಲದೆ ಸೀಟಿನ ಮೇಲೆ ಕೂತು ಪೆಡಲು ಒತ್ತುತ್ತಿದ್ದ.

"ಇದನ್ನ ಪೊಲೀಸರ ಮುಂದ ಹೇಳ್ತೀರಿ?"

"ಹೇಳ್ತೀನಿ," ಎಂದಳು ಗೌರವ್ವ. ತೀರ ಬೇಗ ಹೇಳಿದಳು. "ಆಕೀನ ಸುರುವಿದ್ಳು ಅಂತ ಹೇಳ್ತೀನಿ."

* * *

ಜಾಹೇದಾ ಹುಣಸೆಮರದ ಕಟ್ಟೆಯ ಮೇಲೆ ಹಾಗೆಯೇ ಕೂತಿದ್ದಳು. ಪೊಲೀಸರು ಇಮಾಮನಿಗೆ ಕೊಡಲು ಬಿಡದ ಬುತ್ತಿ ತೊಡೆಯ ಮೇಲಿತ್ತು.

"ಹೇಳಿದ್ಳೇನು?"

"ಹೇಳಿದ್ರು."

"ಎಣ್ಣಿ ಒಳಗ ಒಯ್ಯಲಿಲ್ಲಂತ? ತನ್ನ ಬಾಯಿಲೆ ಹೇಳಿದ್ಳು?"

"ತಮ್ಮ ಬಾಯಿಲೆ."

ಜಾಹೇದಾ ಕಣ್ಣು ಮುಚ್ಚಿದಳು. ಇಷ್ಟಕ್ಕಾಗಿಯೇ ಅವಳು ಸಾಂಗಲಿಯವರೆಗೆ ಬಂದಿದ್ದಳೇ ಎನ್ನಿಸಿತು ನಿಖತಳಿಗೆ. ಗಂಡನನ್ನು ಬಿಡಿಸುವುದಕ್ಕಲ್ಲ, ಆ ಬಾಯಿಂದ ಆ ಮಾತು ಹೊರಡಿಸುವುದಕ್ಕೆ.

"ಖಾಲಾ, ಇನ್ನೊಂದು ಹೇಳಿದ್ರು. ನೀವು ವಾಸನಿ ನೋಡಿ, ಗೊತ್ತಿದ್ದೂ ಗೊತ್ತಿದ್ದೂ ಸುರುವಿದ್ರಿ ಅಂದ್ರು."

"ವಾಸನಿ ನೋಡಿದ್ದು ಖರೆ." ಜಾಹೇದಾ ಕಣ್ಣು ತೆರೆದಳು. "ಗಂಟು ಬಿಚ್ಚಿದ್ದೂ ಖರೆ. ಆ ಗಳಿಗ್ಯಾಗ ಆಕಿ ಒಂದು ಮಾತು ಅಂದಿದ್ರ, ಬೈದಿದ್ರೂ ನಡೀತಿತ್ತು, ನಾ ಬಾಟ್ಲಿ ಹೊಳ್ಳಿ ಇಡ್ತಿದ್ದೆ. ಅನಲಿಲ್ಲ. ಬಾಟ್ಲಿ ಬಾನೆಟ್ಟಿನ ಮ್ಯಾಲ ಇಟ್ಟೆ. ಪಾನಾ ತೊಗೊಂಡು ಹಿಂದಿನ ಗಾಲೀಗೆ ಹೋಗಿ ಕುಂತೆ. ನಟ್ಟ ಸಡ್ಲ ಮಾಡಿದ್ದು ನಾ. ಹವಾ ತಗದದ್ದು ನಾ. ಅಣ್ಣಾರು ಪೆಡಲ್ ಒತ್ತಿಕೋತ ಒದರಿದ್ರು, ಎಣ್ಣಿ ಇಳದಿರತೈತಿ, ಯಾರಾದ್ರೂ ಸುರುವ್ರಿ ಅಂತ."

ಅವಳು ಮನೆಯ ಬಾಗಿಲ ಕಡೆ ನೋಡಿದಳು.

"ಪೆಡಲ್ ಮ್ಯಾಲ ಅವರು. ಗಾಲಿ ಬಲ್ಲಿ ನಾನು, ಪಾನಾ ಬಿಟ್ಟು ಏಳಾಕ ಬರಂಗಿಲ್ಲ. ಬಾನೆಟ್ಟಿನ ಮುಂದ ಯಾರಿದ್ರು ಅಂತ ಆಕೀನ್ನ ಕೇಳಿದೇನು, ಬೇಟಿ?"

ನಿಖತ ತಿರುಗಿದಳು. ಅಂಗಳದ ದೊಡ್ಡ ಬಾಗಿಲು ಮುಚ್ಚುತ್ತಿತ್ತು. ಒಳಗಿನಿಂದ ಅಗಳಿ ಬಿದ್ದ ಸದ್ದಾಯಿತು. ಬಾಟಲಿಗಳೆಲ್ಲ ಒಳಗಿದ್ದವು.

ಅವಳು ಓಡಬೇಕೆನ್ನುವಷ್ಟರಲ್ಲಿ ಫೋನು ಬಂತು. ತಾನಾಜಿ.

"ಮ್ಯಾಡಮ್, ಪಂಚರು ಬ್ಯಾಡ ಬಿಡ್ರಿ, ಹೊಳ್ಳಿ ಬರ್ರಿ. ಕೇಸ್ ಮುಗೀತು. ಇಮಾಮ ಎಲ್ಲಾ ಒಪ್ಪಕೊಂಡಾನ."

"ಏನ್ ಒಪ್ಪಕೊಂಡಾನ?"

"ಹವಾ ತಾನ ತಗದೀನಿ, ಬ್ರೇಕಿಗೆ ಕುಸುಬಿ ಎಣ್ಣಿ ತಾನ ಬೇಕಂತ ಹಾಕೀನಿ ಅಂತಾನ. ಸಹಿ ಮಾಡಿ ಕೊಟ್ಟಾನ. ಕುಸುಬಿ ಎಣ್ಣಿ ಅಂತ ಹೆಸರ ಸುದ್ದಾ ತಾನ ಹೇಳಿದ, ನೋಡ್ರಿ. ಮಾಡಿದಂವಗ ಅಲ್ಲದ ಮತ್ತ್ಯಾರಿಗೆ ಗೊತ್ತಿರತೈತಿ?"

ಆ ಹೆಸರನ್ನು ಸರಳಿನ ಈಚೆಯಿಂದ ಅವನ ಕೈಗೆ ಕೊಟ್ಟವಳು ನಿಖತಳೇ.

ಜಾಹೇದಾ ಎದ್ದು ನಿಂತಿದ್ದಳು. ಬುತ್ತಿಯ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಅವಳ ಮುಖವನ್ನೇ ನೋಡುತ್ತಿದ್ದಳು.

"ಠಾಣೇದ ಫೋನಲ್ಲ? ಏನಂದ್ರು? ಬಿಟ್ರೇನು ಬೇಟಿ ಅವರನ್ನ?"